ಧಾರೆಗೆ ಮೊಳಕಾಲ್ಮೂರು ಸೀರೆ: ಕೈಮಗ್ಗದ್ದೇ ಎಂದು ತಿಳಿಯುವುದು ಹೇಗೆ?

ದಾವಣಗೆರೆಯಲ್ಲಿ ಮಗಳ ಮದುವೆಗೆ ಜವಳಿ ತೆಗೆಯಲು ಹೊರಟು ಇದನ್ನು ಕೇಳಿದ್ದೀರಿ. ಮೊದಲು ಒಡಲು, ಅಂಚು ಸೇರುವ ಜಾಗ ನೋಡಿ. ಮೂರು ಲಾಳಿ ಹಾಕಿ ಕೈಯಲ್ಲಿ ನೇಯ್ದ ಸೀರೆಯಲ್ಲಿ ಒಡಲಿಗೊಂದು ಹೊಕ್ಕು (ಅಡ್ಡ ಎಳೆ), ಅಂಚುಗಳಿಗೆ ಬೇರೆ ಹೊಕ್ಕು. ಹಾಗಾಗಿ ಹಸಿರು ಒಡಲಿನ ಪಕ್ಕದ ಕೆಂಪು ಅಂಚು ಅಪ್ಪಟ ಕೆಂಪಾಗಿಯೇ ಉಳಿಯುತ್ತದೆ. ಹೊಕ್ಕುಗಳು ಕೊಂಡಿ ಹಾಕಿಕೊಂಡ ಗೆರೆ ಬೆರಳಿಗೆ ಸಣ್ಣಗೆ ತಗಲುತ್ತದೆ. ಅಂಚಿನಲ್ಲಿ ಹಸಿರು ಛಾಯೆ ಬೆರೆತಿದ್ದರೆ ಅದು ಮೂರು ಲಾಳಿಯ ಕೆಲಸವಲ್ಲ.

2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆಗೆ ಮಾತ್ರ ಖಾತ್ರಿ, ಜರಿಗಲ್ಲ. ಜರಿ ಯಾವುದೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಒಂದು ದಿನ ಬಿಡುವಿದ್ದರೆ ಚಿತ್ರದುರ್ಗ ದಾಟಿ ಮೊಳಕಾಲ್ಮೂರಿಗೇ ಹೋಗಿ ಬನ್ನಿ. ಮಗಳನ್ನೂ ಕರೆದೊಯ್ಯಿರಿ, ತನ್ನ ಧಾರೆ ಸೀರೆ ಹುಟ್ಟುವ ಮಗ್ಗವನ್ನು ಅವಳೂ ನೋಡಲಿ.