ಓದುಗರ ಪ್ರಶ್ನೆ: ರೇಟಿಗೆ ಕ್ಯಾಪ್ ಐತಂತ, ಹಂಗಾದ್ರ ಬಿಲ್ ಯಾಕ ಇಷ್ಟ್ ಬಂತು?

ಪ್ರಶ್ನೆ: ನಮಸ್ಕಾರ ಸರ. ಮಗಳು ಅಳಿಯ ಇಂಗ್ಲೆಂಡಿನ ಲೆಸ್ಟರ್‌ದಾಗ ಅದಾರ. ಅಲ್ಲೆ ಕರೆಂಟಿಗೂ ಗ್ಯಾಸಿಗೂ ಪ್ರೈಸ್ ಕ್ಯಾಪ್, ಅಂದ್ರ ದರಕ್ಕ ಮಿತಿ, ಐತಂತ, 2025ರ ಜನವರಿದಾಗ ಅದು ವರ್ಷಕ್ಕ 1,738 ಪೌಂಡ್ ಇತ್ತಂತ. ತಿಂಗಳಿಗೆ 145ರ ಮ್ಯಾಲ ಹೋಗಬಾರದಲ್ರಿ, ಆದ್ರ ಆ ತಿಂಗಳ ಬಿಲ್ 270 ಬಂತು. ಗ್ಯಾಸ್ ಉಳಿಸಬೇಕಂತ, ಮನಿ ಬೆಚ್ಚಗಿಡೋ ಗ್ಯಾಸ್ ಬಾಯ್ಲರ್ ಕಡಿಮಿ ಮಾಡಿ ಕೂಸಿನ ಕೋಣ್ಯಾಗ ಕರೆಂಟ್ ಹೀಟರ್ ಇಟ್ಟಿದ್ರು. ಕಂಪನಿಯವರು ಮೋಸ ಮಾಡ್ಯಾರೇನ್ರಿ?
— ಒಬ್ಬ ತಾಯಿ, ವಿಜಯಪುರ

ಉತ್ತರ: ಅಕ್ಕಾರ, ಮೋಸ ಅಂತ ಈಗ ಹೇಳಾಕ ಬರಂಗಿಲ್ರಿ, ಮೊದಲ ಆ 1,738 ಅಂದ್ರ ಏನು ಅನ್ನೋದು ತಿಳ್ಕೊಳ್ಳೋಣು, ಯಾಕಂದ್ರ ಅಲ್ಲೇ ಹುಟ್ಟಿ ಬೆಳದವರೂ ಇದರಾಗ ಎಡವತಾರ.

ಕ್ಯಾಪ್ ಇರೋದು ಬಿಲ್ಲಿಗಲ್ಲ, ಒಂದ್ ಯೂನಿಟ್ಟಿನ ರೇಟಿಗೆ ಮತ್ತ ಬಳಸಲಿ ಬಿಡಲಿ ದಿನಾ ಬೀಳೋ ಸ್ಟ್ಯಾಂಡಿಂಗ್ ಚಾರ್ಜಿಗೆ. ನಮ್ಮ ಗೃಹಜ್ಯೋತಿದಾಗ 200 ಅಂತ ಮಿತಿ ಹಾಕಿದ್ದು ಯೂನಿಟ್ಟಿಗೆ, ಅಲ್ಲಿ ಮಿತಿ ಹಾಕಿದ್ದು ದರಕ್ಕ. ಸಂತ್ಯಾಗ ಜೋಳದ ಕಿಲೋ ರೇಟ್ ಇದರ ಮ್ಯಾಲ ಹೋಗಬಾರದು ಅಂದಂಗ, ನೀವು ಐದ್ ಕಿಲೋ ಒಯ್ತೀರೋ ಚೀಲಗಟ್ಟಲೆ ಒಯ್ತೀರೋ ಅದು ನಿಮಗ ಬಿಟ್ಟಿದ್ದು. 1,738 ಅನ್ನೋದು ವರ್ಷಕ್ಕ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸ್ (ಅಲ್ಲಿ ಗ್ಯಾಸಿಗೂ ಯೂನಿಟ್ ಲೆಕ್ಕನೇ) ಬಳಸೋ ಒಂದ್ ಮನಿ ಹಿಡಿದು ತಗದ ಲೆಕ್ಕ ಅಷ್ಟ. ಅದನ್ನ ಹನ್ನೆರಡು ತಿಂಗಳಿಗೆ ಸಮ ಹಂಚಬ್ಯಾಡ್ರಿ, ಅಲ್ಲಿ ಗ್ಯಾಸ್ ಹೆಚ್ಚಾಗಿ ಉರಿಯೋದು ಚಳಿಗಾಲದಾಗ.

ಈ ಕ್ಯಾಪ್ 2019ರ ಜನವರಿಯಿಂದ ಐತಿ. ಆಫ್‌ಜೆಮ್ ಅನ್ನೋ ಸಂಸ್ಥೆ ಈಗ ಮೂರ್ ತಿಂಗಳಿಗೊಮ್ಮೆ ಬದಲಿ ಮಾಡ್ತೈತಿ, ನಮ್ಮಲ್ಲಿ ಹೆಸ್ಕಾಂ ರೇಟನ್ನ ಕೆಇಆರ್‌ಸಿ ಗೊತ್ತು ಮಾಡಿದಂಗ. ಇಷ್ಟ್ ದಿನ ಇದೇ ರೇಟು ಅಂತ ಗೊತ್ತು ಮಾಡಿದ ಫಿಕ್ಸೆಡ್ ಪ್ಲಾನ್ ತಗೊಂಡವರಿಗೆ ಇದು ಹತ್ತಂಗಿಲ್ಲ.

ಈಗ ಹೀಟರ್ ವಿಷಯಕ್ಕ ಬರ್ತೀನಿ, ನನಗ ಕಳವಳ ಆಗಿದ್ದು ಇದನ್ನ ಓದಿನೇ. ಆ ಜನವರಿ-ಮಾರ್ಚ್‌ದಾಗ ಸರಾಸರಿ ಕರೆಂಟ್ ಯೂನಿಟ್ಟಿಗೆ 24.86 ಪೆನ್ಸ್, ಗ್ಯಾಸ್ ಯೂನಿಟ್ಟಿಗೆ 6.34 ಪೆನ್ಸ್ ಇತ್ತು (ನೂರು ಪೆನ್ಸಿಗೆ ಒಂದ್ ಪೌಂಡ್), ಅಂದ್ರ ಕರೆಂಟು ಹತ್ತತ್ರ ನಾಲ್ಕ್ ಪಟ್ಟು ತುಟ್ಟಿ. ಎರಡ್ ಕಿಲೋವ್ಯಾಟಿನ ಹೀಟರ್ ರಾತ್ರಿ ಎಂಟ್ ತಾಸು ಪೂರಾ ಉರದ್ರ 16 ಯೂನಿಟ್, ದಿನಕ್ಕ ಸುಮಾರು ನಾಲ್ಕ್ ಪೌಂಡ್, ತಿಂಗಳಿಗೆ 120ರ ಮ್ಯಾಲ ಹೋತು! ಇಲ್ಲೆ ಸಿಲಿಂಡರ್ ಉಳಿಸಾಕ ಕರೆಂಟ್ ಒಲಿ ಹಚ್ಚೋ ರೂಢಿ ಐತಿ, ಆ ಲೆಕ್ಕ ಅಲ್ಲಿ ನಡ್ಯಂಗಿಲ್ರಿ. ಒಂದ್ ಕೋಣಿ ತಾಸೊಪ್ಪತ್ತು ಬೆಚ್ಚಗ ಮಾಡಾಕ ಹೀಟರ್ ಅಡ್ಡಿಯಿಲ್ಲ, ರಾತ್ರಿಯಿಡೀ ಬ್ಯಾಡ. ಬಾಯ್ಲರ್ ಹಚ್ಚಿ ಬ್ಯಾರೆ ಕೋಣ್ಯಾಗಿನ ರೇಡಿಯೇಟರ್ (ಬಾಯ್ಲರಿನ ಬಿಸಿನೀರಿಂದ ಕೋಣಿ ಬೆಚ್ಚಗ ಮಾಡೋದು) ವಾಲ್ವ್ ಸಣ್ಣಗ ಇಡಂತ ಹೇಳ್ರಿ.

ಇನ್ನ ಸ್ಟ್ಯಾಂಡಿಂಗ್ ಚಾರ್ಜ್ ಎರಡೂ ಕೂಡಿ ದಿನಕ್ಕ ಸುಮಾರು 93 ಪೆನ್ಸ್ ಇತ್ತು, ಒಂದ್ ದೀಪ ಹಚ್ಚದಿದ್ರೂ ಅದನ್ನ ಕಟ್ಟಬೇಕು.

ಮೋಸದ ಅನುಮಾನಕ್ಕ ಒಂದ್ ಕೆಲಸ ಮಾಡಿಸ್ರಿ. ಬಿಲ್‌ದಾಗ ರೀಡಿಂಗ್ ಪಕ್ಕ ಎಸ್ಟಿಮೇಟೆಡ್ ಅಂತ ಐತೇನು ನೋಡಂತ ಹೇಳ್ರಿ. ಇದ್ರ ಅದು ಕಂಪನಿಯವರು ಅಂದಾಜಿಗೆ ಬರದಿದ್ದು. ಸ್ಮಾರ್ಟ್ ಮೀಟರ್ ಇಲ್ಲಂದ್ರ ನಮ್ಮಲ್ಲಿಗತೆ ತಿಂಗಳಾ ಯಾರೂ ಮನಿಗೆ ಬರಂಗಿಲ್ಲ, ಮೀಟರ್ ನಂಬರ್ ತಾವೇ ಕಳಸಬೇಕು, ಫೋಟೋ ಹೊಡದು ಇಟ್ಕೊಂಡ್ರ ಮುಂದ ಜಗಳಕ್ಕ ಆಧಾರ ಆಕ್ಕೈತಿ.

ಅಷ್ಟಾಗಿಯೂ ಕಟ್ಟಾಕ ಆಗದಿದ್ರ ಕಂಪನಿಗೆ ಫೋನ್ ಮಾಡಿ ಕಂತು ಕೇಳ್ಲಿ, ಕಟ್ಟೋರ ಕೈಲಿ ಆಗುವಂಥಾ ಕಂತು ಮಾಡಿಕೊಡಬೇಕಂತ ಅಲ್ಲಿ ನಿಯಮನೇ ಐತಿ. ಬಿಲ್ಲಿಗೆ ಅಂಜಿ ಕೂಸಿನ್ನ ಮಾತ್ರ ಥಂಡ್ಯಾಗ ಮಲಗಸಬ್ಯಾಡ್ರಿ ಅಂತ ಇವತ್ತ ಫೋನ್ ಮಾಡಿ ಹೇಳ್ರಿ ಅಕ್ಕಾರ.