ಗಸಗಸೆ ಗಾತ್ರದ ಚಿಪ್ಪು 5.6 ಕೋಟಿ ವರ್ಷಗಳ ಹಿಂದಿನ ಸೆಕೆಯ ಲೆಕ್ಕ ಹೇಗೆ ಕೊಡುತ್ತದೆ?

ಪ್ರಶ್ನೆ ಕೇಳಿದವರು ವಿಜಯಪುರದವರು. 5.6 ಕೋಟಿ ವರ್ಷಗಳ ಹಿಂದೆ ಭೂಮಿ ಐದಾರು ಡಿಗ್ರಿ ಬಿಸಿಯಾಗಿತ್ತು ಎಂದು ಸಮುದ್ರತಳದ ಚಿಪ್ಪು ನೋಡಿ ಹೇಳುತ್ತಾರಂತೆ, ಅಲ್ಲಿ ಥರ್ಮಾಮೀಟರ್ ಇಟ್ಟವರು ಯಾರು, ಇದೆಲ್ಲ ಊಹೆಯಲ್ಲವೇ ಎಂದು ಕೇಳಿದ್ದೀರಿ. ನಮ್ಮ ಕಡೆಯ ಸುಣ್ಣದ ಕಲ್ಲಿನಲ್ಲಿ ಆ ಚಿಪ್ಪು ಸಿಗುತ್ತದೆಯೇ ಎಂಬುದು ಜೊತೆಗೆ ಸೇರಿಸಿದ ಸಣ್ಣ ಪ್ರಶ್ನೆ. ನಾನು ಬಾಗಲಕೋಟೆಯಲ್ಲಿ ಭೂವಿಜ್ಞಾನ ಕಲಿಸುವವಳು. ಅದಕ್ಕೂ ಮೊದಲು ಎರಡು ವರ್ಷ ಗೋವಾದ ಒಂದು ಪ್ರಯೋಗಾಲಯದಲ್ಲಿ ಇದೇ ಚಿಪ್ಪುಗಳನ್ನು ಆರಿಸುವುದೇ ನನ್ನ ಕೆಲಸವಾಗಿತ್ತು.

ಗೋಳಗುಮ್ಮಟದ ಕರಿಕಲ್ಲಿನಿಂದ ಶುರು ಮಾಡೋಣ. ಲಾವಾ ಆರಿ ಗಟ್ಟಿಯಾದ ಆ ಕಲ್ಲಿನ ವಯಸ್ಸು ಸುಮಾರು 6.6 ಕೋಟಿ ವರ್ಷ. ನೀವು ಕೇಳಿರುವ ಬಿಸಿಗಾಲ ಬಂದದ್ದು ಅದಾದ ಒಂದು ಕೋಟಿ ವರ್ಷದ ಮೇಲೆ. ಅಂದರೆ ನಿಮ್ಮ ಎರೆಹೊಲದ ಕೆಳಗಿನ ಕಲ್ಲು ಆ ಕಾಲವನ್ನು ಹಾದು ಬಂದಿದೆ. ಆದರೂ ಅದನ್ನು ಕೇಳಿ ಪ್ರಯೋಜನವಿಲ್ಲ. ನೆಲದ ಮೇಲಿನ ಕಲ್ಲು ಬಿಸಿಲು ಮಳೆಗೆ ಸವೆಯುತ್ತ ಹೋಗುತ್ತದೆ. ಹಳೆಯ ಲೆಕ್ಕ ಉಳಿಯುವುದು ಏನಾದರೊಂದು ಕೂಡುತ್ತ ಹೋಗುವ ಜಾಗದಲ್ಲಿ ಮಾತ್ರ.

ಅಂಥ ಜಾಗ ನೋಡಬೇಕೆಂದರೆ ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರು ಇಳಿದಾಗ ಹಳೆಯ ಬಾಗಲಕೋಟೆಯ ಕಡೆಗೆ ಬನ್ನಿ. ಘಟಪ್ರಭೆ ತಂದು ಹಾಕಿದ ಹೂಳು ಒಣಗಿ ಬಿರಿದಿರುತ್ತದೆ. ಬಿರುಕಿನ ಅಂಚನ್ನು ಚಾಕುವಿನಿಂದ ಸವರಿದರೆ ಒಂದರ ಮೇಲೊಂದು ಪದರ ಕಾಣುತ್ತವೆ, ನಡುನಡುವೆ ಶಂಖದ ಹುಳುವಿನ ಚಿಪ್ಪು. ಸಮುದ್ರದ ತಳದಲ್ಲೂ ಇದೇ ನಡೆಯುತ್ತದೆ, ಆದರೆ ಬಹಳ ನಿಧಾನ. ದಡದಿಂದ ದೂರದ ಆಳದಲ್ಲಿ ಒಂದು ಸೆಂಟಿಮೀಟರ್ ಕೂಡಲು ಸುಮಾರು ಸಾವಿರ ವರ್ಷ ಬೇಕು. ಅನೇಕ ಕಡೆ ಆ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು ಹೇರಳ. ಕೆಲವು ಜಾತಿಗಳು ಮೇಲಿನ ನೀರಿನಲ್ಲಿ ತೇಲುತ್ತ ಬದುಕಿ ಸತ್ತ ಮೇಲೆ ಕೆಳಗೆ ಉದುರುತ್ತವೆ, ಕೆಲವು ತಳದಲ್ಲೇ ಬಾಳುತ್ತವೆ. ಮೇಲಿನ ನೀರಿನ ಸುದ್ದಿ ಒಂದು ಬಗೆಯ ಚಿಪ್ಪಿನಲ್ಲಿ, ಮೂರು ಕಿಲೋಮೀಟರ್ ಕೆಳಗಿನ ಸುದ್ದಿ ಇನ್ನೊಂದರಲ್ಲಿ. ಎರಡೂ ಒಂದೇ ಚಮಚ ಕೆಸರಿನಲ್ಲಿ ಸಿಗುತ್ತವೆ.

ಆ ಚಮಚ ಕೆಸರನ್ನು ನೀರಿನಲ್ಲಿ ನೆನೆಸಿ, 63 ಮೈಕ್ರಾನ್ ಕಣ್ಣಿನ ಜರಡಿಯಲ್ಲಿ ತೊಳೆದು ಒಣಗಿಸಿದರೆ ಜರಡಿಯ ಮೇಲೆ ಬಿಳಿ ರವೆಯಂಥದ್ದು ಉಳಿಯುತ್ತದೆ. ಅದನ್ನು ಕರಿ ತಟ್ಟೆಯ ಮೇಲೆ ಚಿಮುಕಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅತಿ ಸಣ್ಣ ಕುಂಚದ ತುದಿಯನ್ನು ಒದ್ದೆ ಮಾಡಿಕೊಂಡು ಒಂದೊಂದೇ ಚಿಪ್ಪನ್ನು ಎತ್ತಬೇಕು. ಬರಿಗಣ್ಣಿಗೆ ಗಸಗಸೆಯ ಕಾಳಿಗಿಂತ ಚಿಕ್ಕದು; ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡು ಕೋಣೆಗಳನ್ನು ಸುರುಳಿಯಾಗಿ ಜೋಡಿಸಿದ ಮನೆ. ಮೇ ತಿಂಗಳ ಗೋವಾದ ಸೆಕೆಯಲ್ಲೂ ಫ್ಯಾನ್ ಹಾಕುವಂತಿರಲಿಲ್ಲ. ಒಮ್ಮೆ ನನಗೆ ಸೀನು ಬಂತು. ಒಂದೂವರೆ ದಿನದ ಕೆಲಸ, ಹತ್ತಿರ ಹತ್ತಿರ ಇನ್ನೂರು ಚಿಪ್ಪು, ನೆಲದ ಪಾಲಾಯಿತು.

ಈಗ ಥರ್ಮಾಮೀಟರಿನ ಮಾತು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತುವೇ. ಅದರಲ್ಲಿರುವ ಆಮ್ಲಜನಕ ಸುತ್ತಲಿನ ನೀರಿನಿಂದ ಬಂದದ್ದು. ನೀರಿನ ಆಮ್ಲಜನಕದಲ್ಲಿ ಬಹುಪಾಲು ಪರಮಾಣುಗಳು 16 ತೂಕದ ಹಗುರ ಬಗೆಯವು, ಐನೂರಕ್ಕೆ ಒಂದರಂತೆ 18 ತೂಕದ ಭಾರದ ಬಗೆಯವು. ತಣ್ಣನೆಯ ನೀರಿನಲ್ಲಿ ಚಿಪ್ಪು ಕಟ್ಟುವಾಗ ಭಾರದ್ದು ತುಸು ಹೆಚ್ಚಾಗಿ ಸೇರುತ್ತದೆ. ನೀರು ಬಿಸಿಯಾದಂತೆ ಆ ಹೆಚ್ಚುವರಿ ಕಡಿಮೆಯಾಗುತ್ತದೆ. ನಾಲ್ಕು ಡಿಗ್ರಿ ಏರಿದರೆ ಈ ಅನುಪಾತದಲ್ಲಿ ಸುಮಾರು ಸಾವಿರಕ್ಕೆ ಒಂದು ಪಾಲಿನಷ್ಟು ಇಳಿಕೆ. ಇದರಿಂದ ತಾಪ ಅಳೆಯಬಹುದು ಎಂದು 1947ರಲ್ಲಿ ಹೆರಾಲ್ಡ್ ಯೂರಿ ತೋರಿಸಿದರು, 1955ರಲ್ಲಿ ಚೆಸಾರೆ ಎಮಿಲಿಯಾನಿ ಸಮುದ್ರತಳದ ಚಿಪ್ಪುಗಳಿಗೆ ಹಚ್ಚಿ ನೋಡಿದರು. ಇಷ್ಟು ಸಣ್ಣ ವ್ಯತ್ಯಾಸವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ತೂಗಿ ಹೇಳುತ್ತದೆ.

ನಿಮ್ಮ ಅನುಮಾನಕ್ಕೆ ಇಲ್ಲಿ ನಿಜವಾದ ಜಾಗವಿದೆ. ಧ್ರುವಗಳಲ್ಲಿ ಮಂಜುಗಡ್ಡೆ ಹೆಚ್ಚಿದರೂ ಇದೇ ಅನುಪಾತ ಬದಲಾಗುತ್ತದೆ, ಏಕೆಂದರೆ ಹಗುರ ಆಮ್ಲಜನಕದ ನೀರು ಹೆಚ್ಚಾಗಿ ಆವಿಯಾಗಿ ಹೋಗಿ ಹಿಮವಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಮಿಲಿಯಾನಿಯವರ ಲೆಕ್ಕಕ್ಕೆ ಮುಂದೆ ತಿದ್ದುಪಡಿ ಬೇಕಾದದ್ದು ಇದೇ ಕಾರಣಕ್ಕೆ. ಆದರೆ 5.6 ಕೋಟಿ ವರ್ಷಗಳ ಹಿಂದೆ ಧ್ರುವಗಳಲ್ಲಿ ಹೇಳಿಕೊಳ್ಳುವಂಥ ಮಂಜುಗಡ್ಡೆಯೇ ಇರಲಿಲ್ಲ, ಆದ್ದರಿಂದ ಆ ತೊಡಕು ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಸಾಲದ್ದಕ್ಕೆ ಬಿಸಿ ನೀರಿನಲ್ಲಿ ಬೆಳೆದ ಚಿಪ್ಪಿಗೆ ಮೆಗ್ನೀಸಿಯಂ ಹೆಚ್ಚು ಸೇರುತ್ತದೆ. ಅದನ್ನು ಬೇರೆಯಾಗಿ ಅಳೆದು ತಾಳೆ ನೋಡುತ್ತಾರೆ.

ಆ ಬಿಸಿಗಾಲ ಸಿಕ್ಕಿಬಿದ್ದದ್ದು ಅಂಟಾರ್ಕ್ಟಿಕಾದ ಬಳಿಯ ವೆಡೆಲ್ ಸಮುದ್ರದಲ್ಲಿ. 1987ರಲ್ಲಿ ಅಲ್ಲಿ ಸುಮಾರು 2.9 ಕಿಲೋಮೀಟರ್ ನೀರಿನ ಕೆಳಗೆ ಕೊರೆದು ಕೆಸರಿನ ಕಂಬ ತೆಗೆದರು. ತಳದಿಂದ 170 ಮೀಟರ್ ಕೆಳಗಿನ ಪದರದಲ್ಲಿ ಆಮ್ಲಜನಕದ ಅನುಪಾತ ಥಟ್ಟನೆ ಕುಸಿದಿತ್ತು. ಜೇಮ್ಸ್ ಕೆನೆಟ್ ಮತ್ತು ಲೋವೆಲ್ ಸ್ಟಾಟ್ ಇದನ್ನು 1991ರಲ್ಲಿ ಪ್ರಕಟಿಸಿದರು. ಅದೇ ಪದರದಲ್ಲಿ, ಅದೇ ಚಿಪ್ಪುಗಳ ಇಂಗಾಲದಲ್ಲೂ ಹಗುರ ಬಗೆಯ ಪಾಲು ಏಕಾಏಕಿ ಹೆಚ್ಚಿತ್ತು. ಗಿಡಮರ, ಪಾಚಿ ಬೆಳೆಯುವಾಗ ಹಗುರ ಇಂಗಾಲವನ್ನೇ ಹೆಚ್ಚು ಹೀರುತ್ತವೆ. ಹಾಗಾಗಿ ಜೀವಿಗಳಿಂದ ಬಂದು ನೆಲದಲ್ಲೋ ಸಮುದ್ರತಳದಲ್ಲೋ ಹೂತಿದ್ದ ಇಂಗಾಲ ಗಾಳಿಗೂ ನೀರಿಗೂ ಬಂದು ಬೆರೆಯಿತು ಎಂಬುದು ಸಹಜ ಅರ್ಥ. ಅದನ್ನು ಹೊರಗೆಳೆದದ್ದು ಉತ್ತರ ಅಟ್ಲಾಂಟಿಕ್‌ನ ಜ್ವಾಲಾಮುಖಿಗಳೋ, ತಳದ ಮೀಥೇನೋ, ಎರಡೂ ಸೇರಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಒಲವು ಜ್ವಾಲಾಮುಖಿಗಳ ಕಡೆಗೆ.

ಆದರೆ ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎನಿಸುವುದು ಚಿಪ್ಪು ಕಾಣೆಯಾದ ಪದರ. 2003ರಲ್ಲಿ ನಮೀಬಿಯಾದ ಆಚೆ, ವಾಲ್ವಿಸ್ ಏಣು ಎಂಬ ಸಮುದ್ರದೊಳಗಿನ ಬೆಟ್ಟಸಾಲಿನ ಇಳಿಜಾರಿನಲ್ಲಿ ಎರಡೂವರೆ ಕಿಲೋಮೀಟರ್ ಆಳದಿಂದ ಹೆಚ್ಚೂಕಡಿಮೆ 4.8 ಕಿಲೋಮೀಟರ್ ಆಳದವರೆಗೆ ಸಾಲಾಗಿ ಕೊರೆದರು. ಎಲ್ಲ ಕಡೆಯೂ ಒಂದೇ ಚಿತ್ರ: ಕೆಳಗಿನಿಂದ ಮಾಸಲು ಬಿಳಿ ಕೆಸರು ಬರುತ್ತ ಇರುತ್ತದೆ, ಚಾಕುವಿನಿಂದ ಕೊಯ್ದಂತೆ ನಿಲ್ಲುತ್ತದೆ, ಮೇಲೆ ಕಗ್ಗೆಂಪು ಜೇಡಿ. ಆಮೇಲೆ ನಿಧಾನವಾಗಿ ಮತ್ತೆ ಬಿಳಿ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಲು ಸುಣ್ಣದ ಕಲ್ಲಿನ ಪುಡಿಯ ಮೇಲೆ ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ಪುಡಿ ಬುರುಬುರು ನೊರೆಯೆದ್ದು ಕರಗುತ್ತದೆ, ಕರಗದ ಮಣ್ಣು ತಟ್ಟೆಯಲ್ಲಿ ಉಳಿಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕುಡಿದ ಸಮುದ್ರ ನಿಂಬೆರಸದಷ್ಟು ಹುಳಿಯಾಗಲಿಲ್ಲ, ಆದರೂ ತಳದ ಸುಣ್ಣ ಕರಗಿಸುವಷ್ಟು ಆಯಿತು. ಯಾವ ಆಳದ ಕೆಳಗೆ ಸುಣ್ಣ ಉಳಿಯದೆ ಕರಗಿಹೋಗುತ್ತದೋ ಆ ಗಡಿ ಅಲ್ಲಿ ಕೆಲವೇ ಸಾವಿರ ವರ್ಷಗಳಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಮೇಲೆ ಬಂದಿತ್ತು. ಚೇತರಿಕೆಗೆ ಹಿಡಿದದ್ದು ಲಕ್ಷ ವರ್ಷಕ್ಕೂ ಹೆಚ್ಚು. ಅದೇ ಏಣಿನ ಕೆಸರಿನಲ್ಲಿ ಇದಕ್ಕಿಂತ ಚಿಕ್ಕದಾದ, ಸುಮಾರು 5.4 ಕೋಟಿ ವರ್ಷಗಳ ಹಿಂದಿನ ಇನ್ನೊಂದು ಬಿಸಿಗಾಲದ ಪದರವೂ ಇದೆ.

ತಳದಲ್ಲಿ ಬಾಳುತ್ತಿದ್ದ ಫೊರಾಮಿನಿಫೆರಾ ಜಾತಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಆಗ ಅಳಿದವು. ಇದರಲ್ಲೊಂದು ವಿಚಿತ್ರವಿದೆ. ಡೈನೋಸಾರುಗಳನ್ನು ಮುಗಿಸಿದ ಕ್ಷುದ್ರಗ್ರಹ ಬಿದ್ದಾಗ ಈ ತಳವಾಸಿಗಳಿಗೆ ಅಂಥ ಹೊಡೆತವೇನೂ ಬಿದ್ದಿರಲಿಲ್ಲ. ಅದನ್ನು ತಡೆದುಕೊಂಡವು ಇದನ್ನು ತಡೆಯಲಿಲ್ಲ.

ಈ ವಿಧಾನಕ್ಕೂ ಮಿತಿಗಳಿವೆ. ತಳದ ಹುಳುಗಳು ಕೆಸರನ್ನು ತೋಡಿ ಕಲಸುತ್ತವೆ, ಹಾಗಾಗಿ ಮೊದಲ ಸಾವಿರ ವರ್ಷ ಏನಾಯಿತು ಎಂಬುದು ಮಸುಕು. ಎಲ್ಲ ಚಿಪ್ಪನ್ನೂ ಒಟ್ಟಿಗೆ ಅರೆದು ಅಳೆದರೆ ಸರಾಸರಿ ಮಾತ್ರ ಸಿಗುತ್ತದೆ. ಅದಕ್ಕೇ ವೆಡೆಲ್ ಸಮುದ್ರದ ಚಿಪ್ಪುಗಳನ್ನು ಒಂದೊಂದಾಗಿ ಅಳೆದರು. ಆಗ ತೇಲುವ ಜಾತಿಗಳಲ್ಲಿ ಕಂಡದ್ದು ಇಷ್ಟೇ: ಇಂಗಾಲದ ಮಟ್ಟ ಒಂದೋ ಹಳೆಯದು, ಒಂದೋ ಹೊಸದು, ನಡುವಿನದು ಇಲ್ಲವೇ ಇಲ್ಲ. ಅಂದರೆ ಬದಲಾವಣೆ ಬೇಗನೆ ಬಂತು. ಬೇಗನೆ ಎಂದರೂ ಅದು ಭೂವಿಜ್ಞಾನದ ಬೇಗ. ಆಗ ಹೊರಬಿದ್ದ ಇಂಗಾಲ ವರ್ಷಕ್ಕೆ ಹೆಚ್ಚೆಂದರೆ ನೂರು ಕೋಟಿ ಟನ್ನಿನ ಆಸುಪಾಸು ಎಂಬುದು ಒಂದು ಲೆಕ್ಕ. ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಟ್ಟು ನಾವು ಈಗ ವರ್ಷಕ್ಕೆ ಸುಮಾರು ಸಾವಿರ ಕೋಟಿ ಟನ್ ಬಿಡುತ್ತಿದ್ದೇವೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಲೋಕಾಪುರ, ಕಲಾದಗಿ ಕಡೆಯ ಸುಣ್ಣದ ಕಲ್ಲಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಆ ಕಲ್ಲು ನೂರು ಕೋಟಿ ವರ್ಷಕ್ಕೂ ಹಳೆಯದು. ಚಿಪ್ಪು ಕಟ್ಟುವ ಜೀವಿಗಳು ಆಗ ಹುಟ್ಟಿರಲಿಲ್ಲ. ಅಲ್ಲಿ ಕಾಣುವ ಎಲೆಕೋಸನ್ನು ಸೀಳಿದಂಥ ಸುತ್ತುಗಳು ಸೂಕ್ಷ್ಮಾಣುಗಳ ಚಾಪೆ ಪದರಗಟ್ಟಿ ಆದ ಸ್ಟ್ರೊಮಾಟೊಲೈಟ್, ಅದರದ್ದು ಬೇರೆಯೇ ಕಥೆ. ಚಿಪ್ಪು ನೋಡಲೇಬೇಕೆಂದಿದ್ದರೆ ಗೋವಾಕ್ಕೋ ಕಾರವಾರಕ್ಕೋ ಹೋದಾಗ ಅಲೆ ಹಿಂದೆ ಸರಿದ ಗೆರೆಯಿಂದ ಒಂದು ಹಿಡಿ ಸಣ್ಣ ಮರಳು ತನ್ನಿ. ಒಣಗಿಸಿ ಕರಿ ಕಾಗದದ ಮೇಲೆ ಹರಡಿ, ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವ ಮಸೂರದಲ್ಲಿ ನೋಡಿ. ಸುರುಳಿ ಸುತ್ತಿದ ಬಿಳಿ ಕಾಳು ಒಂದೆರಡಾದರೂ ಸಿಕ್ಕೀತು. ಫ್ಯಾನ್ ಆರಿಸಿರಿ.