ಲಾಹೌಲ್-ಸ್ಪಿತಿ ಒಂದೇ ಜಿಲ್ಲೆಯಾದರೂ ಸ್ಪಿತಿಯ ಆಡಳಿತ ಕಾಜಾದಿಂದ ನಡೆಯುವುದೇಕೆ?

ಒಂದೇ ಮಾತಲ್ಲಿ ಹೇಳುವುದಾದರೆ, ಕುಂಜುಮ್ ಪಾಸ್ ಎಂಬ ಎತ್ತರದ ಪರ್ವತದಾರಿ. ಹಿಮಾಚಲದ ಈ ಗಡಿಜಿಲ್ಲೆ ವಿಸ್ತಾರದಲ್ಲಿ ರಾಜ್ಯಕ್ಕೇ ದೊಡ್ಡದು, ಸುಮಾರು 13,800 ಚ.ಕಿ.ಮೀ. ಜನ ಮಾತ್ರ 2011ರ ಗಣತಿಯಂತೆ 31,564. ಜಿಲ್ಲಾ ಕೇಂದ್ರ ಕೇಲಾಂಗ್ ಇರುವುದು ಲಾಹೌಲ್ ಕಡೆ, ಭಾಗಾ ನದಿಯ ಕಣಿವೆಯಲ್ಲಿ. ಸ್ಪಿತಿಗೂ ಅದಕ್ಕೂ ನಡುವೆ 4,500 ಮೀಟರ್ ಮೀರಿದ ಕುಂಜುಮ್ ಅಡ್ಡ ನಿಂತಿದೆ. ಚಳಿಗಾಲದಲ್ಲಿ ಹಿಮ ಬಿದ್ದರೆ ತಿಂಗಳುಗಟ್ಟಲೆ ಬಂದ್. ಆಗ ಕಾಜಾದವರು ಕೇಲಾಂಗ್‌ಗೆ ಹೋಗಬೇಕೆಂದರೆ ಕಿನ್ನೌರ್, ಮಂಡಿ, ಮನಾಲಿ ಸುತ್ತಿ ಅಟಲ್ ಸುರಂಗ ದಾಟಬೇಕು. ಒಂದು ಸಹಿಗಾಗಿ ಇಷ್ಟು ಅಲೆದಾಟ ಯಾರಿಗೆ ಬೇಕು! ಅದಕ್ಕೇ ಕಾಜಾದಲ್ಲಿ ಹೆಚ್ಚುವರಿ ಜಿಲ್ಲಾಧಿಕಾರಿ ಇದ್ದಾರೆ. 'ಸಿಂಗಲ್ ಲೈನ್' ವ್ಯವಸ್ಥೆಯಲ್ಲಿ ಅಲ್ಲಿನ ಇಲಾಖೆಗಳೆಲ್ಲ ಅವರ ಕೈಕೆಳಗೆ.

2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಈ ಅಟಲ್ ಸುರಂಗದಿಂದ ಸ್ಪಿತಿಯ ಸಮಸ್ಯೆಯೂ ತೀರಿತೆಂದು ಅನೇಕರು ತಿಳಿದಿದ್ದಾರೆ, ಅದು ತಪ್ಪು. ಸುರಂಗ ತಪ್ಪಿಸುವುದು ಮನಾಲಿ-ಲಾಹೌಲ್ ನಡುವಿನ ರೋಹ್‌ತಾಂಗ್ ಪಾಸನ್ನು, ಕುಂಜುಮ್‌ ಅನ್ನಲ್ಲ.

ಬೇಸಿಗೆಯಲ್ಲಿ ಮನಾಲಿ ಕಡೆಯಿಂದ ಕಾಜಾಕ್ಕೆ ಹೋಗುವವರು ಗ್ರಾಂಫು-ಬಾತಲ್ ನಡುವಿನ ತೊರೆಗಳನ್ನು ಬೆಳಿಗ್ಗೆಯೇ ದಾಟಿಬಿಡಿ. ಬಿಸಿಲೇರಿದಂತೆ ಹಿಮ ಕರಗಿ, ಮಧ್ಯಾಹ್ನದ ಹೊತ್ತಿಗೆ ರಸ್ತೆ ಮೇಲೆ ನೀರು ಏರಿರುತ್ತದೆ.